ಮೊದಲು ನೀರು, ಆಮೇಲೆ ಗ್ಯಾಸ್

ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯೋ ಕೆಲಸ ಅಂದರೆ ಊರಲ್ಲಿ ಎಲ್ಲರೂ "ಗಣಿಯೊಳಗೆ ಇಳೀತೀಯಾ?" ಅಂತ ಕೇಳುತ್ತಾರೆ. ಇಲ್ಲ, ಯಾರೂ ಇಳಿಯುವುದಿಲ್ಲ. ಪಶ್ಚಿಮ ಬಂಗಾಳದ ರಾಣಿಗಂಜ್ ಸೀಮೆಯಲ್ಲಿ ನಾನು ನೋಡಿಕೊಂಡಿದ್ದು ಬಾವಿಗಳನ್ನು. ನಮ್ಮ ಬೋರ್‌ವೆಲ್ ಥರವೇ, ಆದರೆ ತುಂಬಾ ಆಳ. ದೇಶದಲ್ಲಿ ಈ ಗ್ಯಾಸ್ ಮಾರಾಟಕ್ಕೆ ಅಂತ ಮೊದಲು ಹೊರಟಿದ್ದು ಇದೇ ಸೀಮೆಯಲ್ಲಿ, 2007ರಲ್ಲಿ.

ಈ ಗ್ಯಾಸ್ ಅಂದರೆ ಮೀಥೇನ್, ಅದು ಕಲ್ಲಿದ್ದಲಿನ ಮೈಗೇ ಅಂಟಿಕೊಂಡಿರುತ್ತದೆ. ಬಿರುಕುಗಳಲ್ಲಿ ತುಂಬಿದ ನೀರಿನ ಒತ್ತಡ ಅದನ್ನು ಅಲ್ಲೇ ಹಿಡಿದಿಟ್ಟಿರುತ್ತದೆ. ಪಂಪ್ ಹಾಕಿ ನೀರು ಎತ್ತಿದರೆ ಒತ್ತಡ ಇಳಿದು ಗ್ಯಾಸ್ ಬಿಟ್ಟುಕೊಳ್ಳುತ್ತದೆ. ಒಳಗಿನ ಪೈಪಿನಲ್ಲಿ ನೀರು ಬರುತ್ತದೆ, ಅದರ ಮತ್ತು ಕೇಸಿಂಗ್ (ಬಾವಿಯ ಹೊರ ಪೈಪು) ನಡುವಿನ ಸಂದಿಯಲ್ಲಿ ಗ್ಯಾಸ್. ಹಾಗಾದರೆ ಬೇಗ ಬೇಗ ನೀರು ಎಳೆದರೆ ಬೇಗ ಗ್ಯಾಸ್ ಸಿಗಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಮೊದಲ ಬಾವಿಯಲ್ಲಿ ಪಂಪಿನ ವೇಗ ಜಾಸ್ತಿ ಇಟ್ಟೆ. ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಆಪರೇಟರ್ ಫೋನ್ ಮಾಡಿದರು: "ದಾದಾ, ನೀರು ಕಪ್ಪಾಗಿ ಬರ್ತಿದೆ." ಹೋಗಿ ಬಕೆಟ್‌ನಲ್ಲಿ ಹಿಡಿದೆ. ಬೆರಳಲ್ಲಿ ಉಜ್ಜಿದರೆ ಕಾಡಿಗೆಯ ಹಾಗೆ ಮೆತ್ತಿಕೊಂಡಿತು. ನೀರಿನ ರಭಸಕ್ಕೆ ಕಲ್ಲಿದ್ದಲಿನ ಪುಡಿ ಕಿತ್ತು ಬರುತ್ತಿತ್ತು. ಅದೇ ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತಿತು, ಪೈಪಿನಲ್ಲಿದ್ದ ಪುಡಿಯೆಲ್ಲ ಪಂಪಿನ ಮೇಲೆ ಕೂತಿತು. ಕರೆಂಟ್ ಬಂದರೂ ಪಂಪನ್ನು ತಿರುಗಿಸುವ ರಾಡ್ ತಿರುಗಲೇ ಇಲ್ಲ. ರಿಗ್ ತರಿಸಿ ಪೈಪೆಲ್ಲ ಮೇಲೆತ್ತಬೇಕಾಯಿತು. ನನಗೆ ಜಾಸ್ತಿ ನೋವಾಗಿದ್ದು ಕೆಳಗಿನ ಕಲ್ಲಿದ್ದಲಿನ ಪದರದ ಬಗ್ಗೆ. ಆ ಪುಡಿ ಬಿರುಕಿನಲ್ಲೂ ಸಿಕ್ಕಿಕೊಂಡರೆ ಗ್ಯಾಸಿನ ದಾರಿಯೇ ಮುಚ್ಚಿಹೋಗುತ್ತದೆ. ಪಂಪ್ ಬದಲಾಯಿಸಬಹುದು, ಪದರ ಬದಲಾಯಿಸಲಾಗದು.

ಮುಂದಿನ ಬಾವಿಯಲ್ಲಿ ಆತುರ ಬಿಟ್ಟೆ. ದಿನವೂ ಕೇಸಿಂಗ್ ಬಾಯಲ್ಲಿ ಒಂದು ಸದ್ದು ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಹೊತ್ತಿನಿಂದ ನೀರಿನ ಮಟ್ಟ ಲೆಕ್ಕ ಹಾಕುತ್ತಿದ್ದೆವು. ಮಟ್ಟವನ್ನು ದಿನಕ್ಕೆ ಕೆಲವೇ ಮೀಟರ್ ಇಳಿಸಿದೆವು. ಪಂಪ್ ಒಣಗಿ ಓಡಿದರೆ ಒಳಗಿನ ರಬ್ಬರ್ ಸುಟ್ಟುಹೋಗುತ್ತದೆ, ಅದಕ್ಕೇ ಅದರ ಮೇಲೆ ಯಾವಾಗಲೂ ಒಂದಿಷ್ಟು ನೀರು ಬಿಟ್ಟಿರುತ್ತಿದ್ದೆವು. ಜನರೇಟರ್ ತಾನಾಗಿ ಶುರುವಾಗುವ ಹಾಗೆ ಮಾಡಿಸಿದೆ.

ತಿಂಗಳುಗಟ್ಟಲೆ ಬರೀ ನೀರೇ. ಕೊನೆಗೊಂದು ದಿನ ಕೇಸಿಂಗ್‌ನ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯಿಂದ ಕದಲಿತು, ಅಂದರೆ ಗ್ಯಾಸ್ ಬರತೊಡಗಿತ್ತು. ಆಗಲೂ ವಾಲ್ವನ್ನು ಪೂರ್ತಿ ತೆರೆಯಲಿಲ್ಲ. ಒಮ್ಮೆಲೇ ತೆರೆದರೆ ಮತ್ತೆ ಪುಡಿ ಏಳುತ್ತದೆ. ದಿನಕ್ಕಿಷ್ಟು ಅಂತ ತೆರೆಯುತ್ತಾ ಹೋದೆವು.

ಈಗಲೂ ಯಾವ ಬಾವಿಗೆ ಹೋದರೂ ಮೊದಲು ಒಂದು ಬಾಟಲಿ ನೀರು ಹಿಡಿದಿಡುತ್ತೇನೆ. ಒಂದು ಗಂಟೆ ಬಿಟ್ಟು ತಳದಲ್ಲಿ ಎಷ್ಟು ಕಪ್ಪು ಕೂತಿದೆ ಅಂತ ನೋಡಿದ ಮೇಲೆಯೇ ಪಂಪಿನ ವೇಗ ಮುಟ್ಟುವುದು.