ಹದಿನಾರು ಹಾಳೆಯಲ್ಲಿ ಚಂದ್ರನ ದಾರಿ

ಚಂದ್ರನ ಸ್ಟಾಂಪುಗಳನ್ನು ದೇಶದ ಪ್ರಕಾರ ಜೋಡಿಸುವವರೇ ಜಾಸ್ತಿ. ನಾನು ತಾರೀಖಿನ ಪ್ರಕಾರ ಜೋಡಿಸಿದೆ. ಪ್ರದರ್ಶನದಲ್ಲಿ ಒಂದು ಫ್ರೇಮ್ ಅಂದರೆ ಹದಿನಾರು ಹಾಳೆ. 1959ರಿಂದ 2023ರವರೆಗಿನ ಕಥೆಯೆಲ್ಲ ಅಷ್ಟರಲ್ಲೇ ಹಿಡಿಸಬೇಕು.

ಶುರುವಾಗುವುದು ಸೋವಿಯತ್ ಸ್ಟಾಂಪುಗಳಿಂದ. ಲೂನಾ 2 ಚಂದ್ರನಿಗೆ ಹೋಗಿ ಅಪ್ಪಳಿಸಿದ್ದು, ಲೂನಾ 3 ಅದರ ಹಿಂಬದಿಯ ಫೋಟೊ ತೆಗೆದದ್ದು, ಎರಡೂ 1959ರಲ್ಲೇ. ಈ ಸ್ಟಾಂಪುಗಳು ಸುಲಭವಾಗಿ ಸಿಗುತ್ತವೆ. ಆದರೆ ಎಷ್ಟೋ ಸ್ಟಾಂಪುಗಳಿಗೆ ಸಂಗ್ರಹಕಾರರಿಗೆ ಮಾರಲೆಂದೇ ಸೀಲು ಹೊಡೆದಿರುತ್ತಾರೆ. ತಿರುಗಿಸಿ ನೋಡಿದರೆ ಗೋಂದು ಹಾಗೇ ಇರುತ್ತದೆ, ಅಂದರೆ ಯಾವ ಕಾಗದಕ್ಕೂ ಅಂಟಿಸಿಯೇ ಇಲ್ಲ. ಅಂಥವನ್ನು ಬಿಟ್ಟು, ನಿಜವಾಗಿ ಅಂಚೆಯಲ್ಲಿ ಬಂದ ಲಕೋಟೆಗಳನ್ನೇ ಹುಡುಕಿದೆ. ಕೊಲ್ಲಿಯ ಪುಟ್ಟ ಅರಬ್ ಸಂಸ್ಥಾನಗಳಾದ ಅಜ್ಮಾನ್, ಫುಜೈರಾ ಹೆಸರಿನ ಬಣ್ಣಬಣ್ಣದ ಅಪೊಲೊ ಸ್ಟಾಂಪುಗಳೂ ಅಷ್ಟೇ. ನೋಡೋಕೆ ಚೆಂದ, ಫ್ರೇಮಿಗೆ ಬೇಡ. ಭೂತಾನ್ 1967ರಲ್ಲಿ ತಂದ ತ್ರೀ-ಡಿ ಬಾಹ್ಯಾಕಾಶ ಸ್ಟಾಂಪಿಗೆ ಮಾತ್ರ ಜಾಗ ಮಾಡಿಕೊಟ್ಟೆ. ಅದರ ಗೀರುಗೀರು ಪ್ಲಾಸ್ಟಿಕ್ ನೋಡಿ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ 10 ಸೆಂಟಿನ ಏರ್‌ಮೇಲ್ ಸ್ಟಾಂಪು. ಚಿತ್ರ ಪಾಲ್ ಕ್ಯಾಲೆ ಅವರದು. ಅಪೊಲೊ 11 ಹೊರಟ ಬೆಳಿಗ್ಗೆ ಗಗನಯಾತ್ರಿಗಳು ಸಜ್ಜಾಗುವಾಗ ಜೊತೆಗಿದ್ದು ಸ್ಕೆಚ್ ಮಾಡಿದವರು ಅವರು. ಸ್ಟಾಂಪಿನ ಮೂಲ ಅಚ್ಚು ಅದೇ ನೌಕೆಯಲ್ಲಿ ಚಂದ್ರನವರೆಗೂ ಹೋಗಿ ಬಂತು. ಮುದ್ರಣ ಆಮೇಲೆ. ಭೂತಗನ್ನಡಿ ಇಟ್ಟು ಚಿತ್ರದಲ್ಲಿರುವ ಗಗನಯಾತ್ರಿಯ ಭುಜದ ಮೇಲಿನ ಪುಟ್ಟ ಧ್ವಜ ನೋಡಿ. ಅಲ್ಲಿ ಕೆಂಪು ಗೆರೆ ಇರಲೇಬೇಕು. ಕೆಂಪು ತಪ್ಪಿಹೋದ ಪ್ರತಿಗಳು ತುಂಬ ಅಪರೂಪ, ಬೆಲೆಯೂ ಹಾಗೇ. ಮೊದಲ ದಿನದ ಲಕೋಟೆ, ಅಂದರೆ ಬಿಡುಗಡೆ ದಿನದ ಸೀಲಿರುವ ಲಕೋಟೆ, ಮಾತ್ರ ಅಗ್ಗ, ಯಾಕಂದರೆ 80 ಲಕ್ಷಕ್ಕೂ ಜಾಸ್ತಿ ಲಕೋಟೆಗಳಿಗೆ ಸೀಲು ಬಿದ್ದಿತ್ತು. ಅದರ ಮೇಲೆ ಎರಡು ಸೀಲು ಇರುತ್ತದೆ: ಚಂದ್ರನ ಮೇಲೆ ಇಳಿದ 1969ರ ಜುಲೈ 20ರದ್ದು, ಸ್ಟಾಂಪು ಬಿಡುಗಡೆಯಾದ ಸೆಪ್ಟೆಂಬರ್ 9ರದ್ದು. ಆ ಎರಡೂ ತಾರೀಖು ಕಾಣುವ ಹಾಗೆ ಇಡೀ ಲಕೋಟೆಯನ್ನೇ ಇಟ್ಟೆ. ಪಕ್ಕದಲ್ಲಿ ಅದೇ ವರ್ಷ ನವೆಂಬರಿನಲ್ಲಿ ಬಂದ ನಮ್ಮ ಭಾರತದ 20 ಪೈಸೆಯ ಸ್ಟಾಂಪು.

ಅಂಟಿಸೋಕೆ ಗೋಂದು, ಟೇಪು ಏನೂ ಬೇಡ. ಸ್ಟಾಂಪಿಗೆ ಮೌಂಟ್ ಅನ್ನುವ ಪಾರದರ್ಶಕ ಪುಟ್ಟ ಕವರು, ಲಕೋಟೆಯ ಮೂಲೆಗಳನ್ನು ಸಿಕ್ಕಿಸೋಕೆ ಕಾರ್ನರ್. ಮುಟ್ಟುವುದು ಚಿಮಟದಲ್ಲೇ. ಮಳೆಗಾಲದ ತೇವಕ್ಕೆ ಹಿಂದಿನ ಗೋಂದು ಹಿಡಿದುಕೊಳ್ಳುತ್ತದೆ, ಅದಕ್ಕೆ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ಅಗ್ಗದ ಪಿವಿಸಿ ಕವರು ಮಾತ್ರ ಬೇಡವೇ ಬೇಡ.

ಕೊನೆಯ ಹಾಳೆಯನ್ನು ನಾನೇ ತಯಾರು ಮಾಡಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಸಂಜೆ 6 ಗಂಟೆ 4 ನಿಮಿಷಕ್ಕೆ. ಅಷ್ಟು ಹೊತ್ತಿಗೆ ಕೌಂಟರ್ ಮುಚ್ಚಿರುತ್ತದಲ್ವಾ? ಆ ದಿನದ ಸೀಲು ಬೇಕಂತ ಬೆಳಿಗ್ಗೆಯೇ ಒಂದು ಲಕೋಟೆ ಹಿಡಿದು ಬೆಂಗಳೂರಿನ ಅಂಚೆ ಕಚೇರಿಗೆ ಹೋದೆ. ಪೀಣ್ಯದಲ್ಲಿ ತಯಾರಾದ ಆರ್ಯಭಟ ಉಪಗ್ರಹದ 1975ರ 25 ಪೈಸೆ ಸ್ಟಾಂಪು, ಈಗಿನ ದರಕ್ಕೆ ಬೇಕಾದಷ್ಟು ಬೇರೆ ಸ್ಟಾಂಪು ಹಚ್ಚಿ, ಸೀಲು ಮೆತ್ತಗೆ, ಅಕ್ಷರ ಪೂರ್ತಿ ಮೂಡುವ ಹಾಗೆ ಹಾಕಿ ಅಂತ ಕೇಳಿಕೊಂಡೆ. ಲಕೋಟೆಯನ್ನು ವಾಪಸ್ ಇಸಕೊಳ್ಳಲಿಲ್ಲ, ನನ್ನದೇ ವಿಳಾಸಕ್ಕೆ ಕಳಿಸಿದೆ. ಮನೆಗೆ ಕೊಡುವ ಮುಂಚೆ ಹಿಂಬದಿಗೂ ತಲುಪಿದ ತಾರೀಖಿನ ಒಂದು ಸೀಲು ಹಾಕಿಸಿ ಅಂತ ನಮ್ಮ ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಟ್ಟಿದ್ದೆ.