ಬ್ಯಾಡಗಿ ದಲಾಲಿ ಅಂಗಡಿಯ ಪೈಥಾನ್ 2 ಪ್ರೋಗ್ರಾಂ 3ಕ್ಕೆ ದಾಟಿದ್ದು: ನನ್ನ ಅನುಭವ

ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರ ಪಟ್ಟಿ (ಮಾರಾಟದ ಬಿಲ್) ಮತ್ತು ಖಾತೆಯ ಪ್ರೋಗ್ರಾಂ ಪೂರ್ತಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆ ಆವೃತ್ತಿ 2.7ರಲ್ಲಿತ್ತು, ಸುಮಾರು ಎಂಟೊಂಬತ್ತು ಸಾವಿರ ಸಾಲು. ‘ಕೆಡವಿ ಹೊಸದಾಗಿ ಬರಸ್ರಿ, ಇದು ದಾಟೂದಲ್ಲ’ ಅಂದವರೇ ಎಲ್ಲ. ಹುಬ್ಬಳ್ಳಿಯಿಂದ ಒಂದೂವರೆ ಲಕ್ಷದ ಕೊಟೇಶನ್ನೂ ಬಂದಿತ್ತು. ನನ್ನ ಕೂಲಿ ಸೇರಿ ಮೂವತ್ತು ಸಾವಿರದೊಳಗೆ ಮುಗಿಯಿತು, ಮೆಣಸಿನಕಾಯಿ ಸೀಸನ್ ಪೂರ್ತಿ ಅದರ ಮೇಲೇ ಓಡಿತು.

ದಾಟಲು ಆರಿಸಿದ್ದು ಪೈಥಾನ್ 3.8. ತೂಕದ ಕಡೆಯ ಕಂಪ್ಯೂಟರ್ ವಿಂಡೋಸ್ 7ರದ್ದು, 3.9 ಅದರಲ್ಲಿ ಕೂರುವುದಿಲ್ಲ. 3.8ರ ಜೊತೆ, 2ರ ಕೋಡನ್ನು 3ಕ್ಕೆ ತಿದ್ದುವ 2ಟು3 ಸಲಕರಣೆಯೂ ಬರುತ್ತದೆ, 3.13ರಲ್ಲಿ ಅದನ್ನು ತೆಗೆದಿದ್ದಾರೆ.

ಸಿಂಟ್ಯಾಕ್ಸ್ ಎರರ್ (ಭಾಷೆಯ ನಿಯಮ ತಪ್ಪಿದೆ ಎಂಬ ದೂರು) ಕೊಡುವ ಸಾಲುಗಳಿಗೆ ಹೆದರಬೇಡಿ. ಪ್ರಿಂಟ್, ಎಕ್ಸೆಪ್ಟ್‌ನ ಕಾಮಾ, ಸೊನ್ನೆಯಿಂದ ಶುರುವಾಗುವ ಅಂಕಿ, ಟ್ಯಾಬು-ಸ್ಪೇಸಿನ ಕಲಬೆರಕೆ, ಇವೆಲ್ಲ ತಾವೇ ಕೂಗಿ ಹೇಳುತ್ತವೆ. 2ಟು3ಯನ್ನು ಮಾತ್ರ ಒಂದೇ ಫೈಲಿನ ಮೇಲೆ ಎರಡು ಸಲ ಓಡಿಸಬೇಡಿ. ಎರಡು ಮೌಲ್ಯ ಇರುವ ಪ್ರಿಂಟ್‌ಗೆ ಎರಡನೇ ಸಲ ಇನ್ನೊಂದು ಜೋಡಿ ಆವರಣ ಬಿದ್ದು, ಪಟ್ಟಿಯಲ್ಲಿ ಕಂಸ, ಕಾಮಾ, ಕೋಟ್ಸ್ ಎಲ್ಲ ಅಚ್ಚಾಗುತ್ತವೆ.

ದುಡ್ಡು ತಿನ್ನುವುದು ಸುಮ್ಮನಿರುವ ಸಾಲು. 275 ಕಿಲೋ ಕಾಯಿ, ಕ್ವಿಂಟಲಿಗೆ 20,000 ಅನ್ನಿ. ಹಳೆ ಕೋಡ್ ಕಿಲೋವನ್ನು 100ರಿಂದ ಭಾಗಿಸಿ 2 ಕ್ವಿಂಟಲ್, ಶೇಷ 75 ಕಿಲೋ ಎಂದು ಬಿಡಿಸಿ 40,000ಕ್ಕೆ 15,000 ಕೂಡಿಸುತ್ತದೆ: 55,000. ಪೈಥಾನ್ 3ರಲ್ಲಿ ಅದೇ ಭಾಗಾಕಾರ 2.75 ಕೊಡುತ್ತದೆ. ಅದಕ್ಕೇ 55,000 ಆಯಿತು, ಮೇಲೆ ಶೇಷದ 15,000 ಮತ್ತೆ ಕೂಡಿ 70,000! ಪಟ್ಟಿಯಲ್ಲಿ ಕ್ವಿಂಟಲ್ ಅಚ್ಚಾಗುವುದು ಪೂರ್ಣಾಂಕದ ಫಾರ್ಮ್ಯಾಟಿನಲ್ಲಿ, ಹಾಗಾಗಿ ಕಣ್ಣಿಗೆ ಕಾಣುವುದು 2 ಕ್ವಿಂಟಲ್ 75 ಕಿಲೋನೇ. 2ಟು3 ಭಾಗಾಕಾರವನ್ನು ಮುಟ್ಟುವುದೇ ಇಲ್ಲ. 2.7ರಲ್ಲೇ -3 ಎಂಬ ಆಯ್ಕೆ ಹಾಕಿ ಓಡಿಸಿದರೆ ಇಂಥ ಸಾಲಿಗೆ ಎಚ್ಚರಿಕೆ ಬರುತ್ತದೆ, ಆದರೆ ಓಡಿದ ಸಾಲಿಗಷ್ಟೇ. ಆಮೇಲೆ ಒಂದೊಂದನ್ನೂ ನೋಡಿ ಎರಡು ಓರೆಗೆರೆ (//) ಹಾಕಬೇಕು.

ಇನ್ನೊಂದು ತೊಡಕು ರೌಂಡ್, ಅಂದರೆ ಪೈಸೆ ಬಿಟ್ಟು ಪೂರ್ಣ ರೂಪಾಯಿಗೆ ತರುವುದು. ಹಮಾಲಿ ಚೀಲಕ್ಕೆ 12.50ರಂತೆ ಒಂಬತ್ತು ಚೀಲಕ್ಕೆ 112.50. ಹಳೆಯದು 113 ಅಂದರೆ ಹೊಸದು 112 ಅನ್ನುತ್ತದೆ, ಏಕೆಂದರೆ ಸರಿಯಾಗಿ ಅರ್ಧ ಬಂದರೆ ಪೈಥಾನ್ 3 ಸಮಸಂಖ್ಯೆಯ ಕಡೆ ವಾಲುತ್ತದೆ. ರೂಪಾಯಿ ಲೆಕ್ಕವನ್ನೆಲ್ಲ ಡೆಸಿಮಲ್‌ಗೆ (ದಶಮಾಂಶವನ್ನು ನಿಖರವಾಗಿ ಇಡುವ ಬಗೆಗೆ) ತಂದು, ರೌಂಡ್ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಕಟ್ಟಿದೆ. ಒಂದು ರೂಪಾಯಿಗೂ ಹಮಾಲರು ಜಗಳಕ್ಕೆ ನಿಲ್ಲುತ್ತಾರೆ, ಅವರದ್ದೂ ಸರಿಯೇ.

ತೂಕದ ಯಂತ್ರ ಸೀರಿಯಲ್ ಪೋರ್ಟಿನಿಂದ ಕಳಿಸುವುದು ಪೈಥಾನ್ 3ಕ್ಕೆ ಅಕ್ಷರವಲ್ಲ, ಬೈಟು (ಬರೀ ಅಂಕಿ). ಮೊದಲ ಅಕ್ಷರ ‘ಎಸ್’ ಇದ್ದರೆ ತೂಕ ನಿಂತಿದೆ ಎಂದು ಹಳೆ ಕೋಡ್ ನೋಡುತ್ತಿತ್ತು. 3ರಲ್ಲಿ ಆ ಜಾಗದಲ್ಲಿ 83 ಎಂಬ ಅಂಕಿ ಸಿಗುತ್ತದೆ, ಹೋಲಿಕೆ ಎಂದೂ ಕೂಡುವುದಿಲ್ಲ, ತೂಕ ಪರದೆಗೆ ಬರುವುದೇ ಇಲ್ಲ. ಬೈಟು-ಅಕ್ಷರದ ಹೋಲಿಕೆಯನ್ನು ಹಿಡಿಯುವ -ಬಿಬಿ (-bb) ಆಯ್ಕೆ ಹಾಕಿ ಓಡಿಸಿದರೂ ಇದು ಸಿಕ್ಕಿಬೀಳದು. ಓದಿದ ತಕ್ಷಣ ಆಸ್ಕಿ ಅಕ್ಷರಗಳಾಗಿ ಡೀಕೋಡ್ ಮಾಡಿಬಿಡಿ.

ದುಡ್ಡಿನ ಈ ತಪ್ಪುಗಳನ್ನು ಹಿಡಿದಿದ್ದು ಹಳೆ ಪಟ್ಟಿಗಳಿಂದ. ಹೋದ ಸೀಸನ್ನಿನ ಸುಮಾರು ನಾಲ್ಕು ಸಾವಿರ ಪಟ್ಟಿಗಳನ್ನು ಎರಡೂ ಆವೃತ್ತಿಯಲ್ಲಿ ಮತ್ತೆ ತೆಗೆದು, ಸಾಲಿಗೆ ಸಾಲು ಡಿಫ್ ಹಾಕಿ ವ್ಯತ್ಯಾಸ ನೋಡಿದೆ. ಮೊದಲ ಓಟದಲ್ಲಿ ಮೂರಕ್ಕೆ ಒಂದು ಬೇರೆ ಬಂತು. ಯಾವ ವ್ಯತ್ಯಾಸವನ್ನು ಮೊದಲು ಮುಟ್ಟಬೇಕೆಂದು ತೋರಿಸುವ ಸ್ಕ್ರಿಪ್ಟ್ ನನ್ನ ಹತ್ತಿರವೇ ಇರಲಿ, ಅದರಿಂದ ಇನ್ನೆರಡು ಅಂಗಡಿಯ ಕೆಲಸ ಬರಬೇಕಿದೆ.

ರೈತರ ಹೆಸರುಗಳು ಹಳೆ ನುಡಿ ಫಾಂಟಿನ ಬೈಟುಗಳಾಗಿ ಪಿಕಲ್ (ಪೈಥಾನ್ ತನ್ನ ಡೇಟಾ ಉಳಿಸಿಡುವ) ಫೈಲಿನಲ್ಲಿದ್ದವು. ಸುಮ್ಮನೆ ತೆರೆದರೆ ಎರರ್, ಎನ್‌ಕೋಡಿಂಗ್ ಲ್ಯಾಟಿನ್1 ಎಂದು ಕೊಟ್ಟರೆ ತೆರೆಯುತ್ತದೆ, ತಾರೀಖುಗಳಿಗೂ ಅದೇ ಬೇಕು. ಆಮೇಲೆ ಹೆಸರುಗಳನ್ನು ವಿಂಡೋಸ್ 1252 ಎಂಬ ಹಳೆ ಅಕ್ಷರ ಸಂಕೇತದ ಮೂಲಕ ದಾಟಿಸಬೇಕು; ಐದು ಬೈಟುಗಳಿಗೆ ಅಲ್ಲಿ ಜಾಗವೇ ಇಲ್ಲ, ಅವು ಬಂದರೆ ಎರರ್. ಇದೇ ಭರದಲ್ಲಿ ಯೂನಿಕೋಡಿಗೂ ಬದಲಿಸಲು ಕೈಹಾಕಿದೆ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರ್ ಮುಂಚೆ ಬರಬೇಕು. ಧರ್ಮಪ್ಪ, ಪಾರ್ವತೆವ್ವ ಎಲ್ಲ ಹೆಸರುಗೆಟ್ಟರು. ಅದನ್ನು ಸದ್ಯ ಕೈಬಿಟ್ಟಿದ್ದೇನೆ. ಮುಂದಿನ ಸೀಸನ್ನಿಗೆ ಬೇಕಾದರೆ ಅದರ ಕೂಲಿ ಬೇರೆ.