ಮಾಸ್ಟ್ರ ಬದುಕು ಬರೆಯುವ ಮುಂಚೆ ಬೆಕ್ಕಿನ ಬಟ್ಟಲು ನೋಡಿ

ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಮಾಸ್ಟ್ರು ತೀರಿಹೋಗಿ ಹದಿಮೂರು ದಿನ ಕಳೆಯುವಷ್ಟರಲ್ಲಿ ಅವರ ಪುಸ್ತಕ, ಕಾಗದಗಳ ಎರಡು ಗೋಣಿ ಗುಜರಿಗೆ ಹೋಗಿತ್ತು. ಮನೆಯವರ ತಪ್ಪಲ್ಲ. ಮಕ್ಕಳು ದೂರದಲ್ಲಿದ್ದಾರೆ, ಮನೆಗೆ ಬೀಗ ಹಾಕಿ ಹೋಗಬೇಕು, ಆ ಹಳೇ ಕಾಗದದಲ್ಲಿ ಏನಿದೆ ಅಂತ ಹೇಳುವವರು ಯಾರೂ ಹತ್ತಿರ ಇರಲಿಲ್ಲ. ಹೇಳಬೇಕಾಗಿದ್ದವನು ನಾನು, ಅವರ ಶಿಷ್ಯ. ತಡವಾಗಿ ಹೋದೆ. ನಿಮ್ಮೂರಲ್ಲೂ ಅಂಥವರೊಬ್ಬರು ಇರುತ್ತಾರೆ, ಅಲ್ವಾ? ಹಗಲು ಶಾಲೆ, ಸಂಜೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದ ಯಕ್ಷಗಾನದಲ್ಲಿ, ಅರ್ಥ ಹೇಳುವುದು, ರಾತ್ರಿ ಕೂತು ಊರಿನ ಹೆಸರುಗಳ ಬಗ್ಗೆ, ಶಾಸನದ ಬಗ್ಗೆ ಬರೆಯುವವರು. ಅವರ ಬದುಕನ್ನು ಬರೆದಿಡಬೇಕು ಅಂತಿದ್ದರೆ ನೀವು ತಡ ಮಾಡಬೇಡಿ.

ಮೊದಲ ಕೆಲಸ ಬರೆಯುವುದಲ್ಲ, ಫೋಟೋ ತೆಗೆಯುವುದು. ಮನೆಯವರ ಒಪ್ಪಿಗೆ ಕೇಳಿ, ಒಂದು ಪುಸ್ತಕವನ್ನೂ ಅಲ್ಲಾಡಿಸದೆ ಕಪಾಟು ಇದ್ದ ಹಾಗೇ ಫೋಟೋ ತೆಗೆಯಿರಿ. ಯಾವ ಪುಸ್ತಕದ ಪಕ್ಕ ಯಾವುದಿತ್ತು ಅನ್ನುವುದರಲ್ಲೇ ಅವರ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಅರ್ಧ ಗೊತ್ತಾಗುತ್ತದೆ. ಪುಸ್ತಕದ ಒಳಗೆ ಚೀಟಿ, ಬಸ್ ಟಿಕೆಟ್, ಮದುವೆ ಕಾಗದದ ತುಂಡು ಸಿಕ್ಕಿದರೆ ಹೊರಗೆ ತೆಗೆದು ರಾಶಿ ಹಾಕಬೇಡಿ, ಅದು ಇದ್ದ ಪುಟದ ಜೊತೆಗೇ ಫೋಟೋ ತೆಗೆದು ಅಲ್ಲೇ ಇಡಿ. ಫ್ಲ್ಯಾಶ್ ಬೇಡ, ಚಾವಡಿಯ ಬೆಳಕು ಸಾಕು. ಮಳೆಗಾಲದಲ್ಲಿ ಒದ್ದೆಯಾದ ಪುಸ್ತಕವನ್ನು ಅಂಗಳದ ಬಿಸಿಲಿಗೆ ಹಾಕುವವರೇ ಜಾಸ್ತಿ, ಅದರಿಂದ ಕಾಗದ ಸೊಟ್ಟಗಾಗುತ್ತದೆ. ನೆರಳಲ್ಲಿ ಫ್ಯಾನಿನ ಕೆಳಗೆ ಬಿಡಿಸಿಡಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಅವರ ಕಂಪ್ಯೂಟರಿನಲ್ಲಿ 'ನುಡಿ', 'ಬರಹ' ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೇ ಫೈಲ್ ಇದ್ದರೆ ಈಗಲೇ ಯುನಿಕೋಡ್‌ಗೆ ಬದಲಾಯಿಸಿ, ಮೂಲ ಫೈಲನ್ನೂ ಇಟ್ಟುಕೊಳ್ಳಿ.

ಗುಜರಿಗೆ ಹೋಗದೆ ಉಳಿದ ಒಂದು ನೋಟುಬುಕ್ ನನ್ನ ಹತ್ತಿರ ಇದೆ. ಕುಂಬಳೆ ಸುತ್ತಿನ ಜಾಗದ ಹೆಸರುಗಳ ಪಟ್ಟಿ. ಒಂದು ಪುಟದ ಮೇಲೆ ಬೆಕ್ಕಿನ ಮೂರು ಹೆಜ್ಜೆ, ಶಾಯಿ ಇನ್ನೂ ಒಣಗದಿದ್ದಾಗ ನಡೆದದ್ದು. ಮಾಸ್ಟ್ರು ಆ ಪುಟ ಹರಿದು ಹೊಸದಾಗಿ ಬರೆದಿಲ್ಲ. ಅಳಿಸಿಹೋದ ಎರಡು ಹೆಸರನ್ನು ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ಮತ್ತೆ ಬರೆದು, ಹೆಜ್ಜೆಯ ಪಕ್ಕ ತಾರೀಕು ಹಾಕಿದ್ದಾರೆ.

ಆಮೇಲೆ ಜನ. ಎಲ್ಲರೂ ಮೊದಲು ಹೋಗುವುದು ಸಾಹಿತಿಗಳ ಹತ್ತಿರ. ಅವರೆಲ್ಲ ಸಭೆಯಲ್ಲಿ ಮಾಡಿದ ಭಾಷಣವನ್ನೇ ಮತ್ತೆ ಹೇಳುತ್ತಾರೆ. ನನಗೆ ಮಾಸ್ಟ್ರು ಸಿಕ್ಕಿದ್ದು ಮೀನಿನವರ ಮಾತಿನಲ್ಲಿ. ಮಾಸ್ಟ್ರು ಮೀನು ಮುಟ್ಟುವವರಲ್ಲ, ಆದರೆ ದಿನಾ ಬೆಳಿಗ್ಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿದ ಕೂಡಲೇ ಗೇಟಿನ ಹತ್ತಿರ ಒಂದು ಸ್ಟೀಲ್ ಬಟ್ಟಲು ಇಡುತ್ತಿದ್ದರು, ಮೀನಿನವರು ಅದಕ್ಕೆ ಬೂತಾಯಿಯ ತಲೆ ಹಾಕಿ ಹೋಗುತ್ತಿದ್ದರು. ಇಪ್ಪತ್ತು ವರ್ಷ ಹಾಗೇ ನಡೆದಿದೆ. ಮಾಸ್ಟ್ರಿಗೆ ಕಣ್ಣು ಮಂಜಾಗಿದ್ದು, ಅವರು ಬರೆಯುವುದು ನಿಲ್ಲಿಸಿದ್ದು, ಒಂದು ಆಟಿ ತಿಂಗಳ ಮಳೆಗಾಲದಲ್ಲಿ ಕರಿ ಬೆಕ್ಕು ಸತ್ತ ಮೇಲೆ ನಾಲ್ಕು ದಿನ ಹೊರಗೇ ಬಾರದಿದ್ದದ್ದು, ಎಲ್ಲ ಮೀನಿನವರಿಗೆ ಗೊತ್ತು. ಮಾಸ್ಟ್ರು ನಮ್ಮ ಹತ್ತಿರ ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಬೆಕ್ಕಿನ ಹತ್ತಿರ ಮಾತ್ರ ತುಳು. 'ಬಲ ಪುಚ್ಚೆ, ಬಲ' (ಬಾ ಬೆಕ್ಕೇ, ಬಾ) ಅಂತ ಕರೆಯುತ್ತಿದ್ದರಂತೆ. ಇದು ನನಗೂ ಗೊತ್ತಿರಲಿಲ್ಲ. ಹಾಗಾಗಿ ಹಾಲಿನವರು, ಪೋಸ್ಟ್‌ಮ್ಯಾನ್, ಪಕ್ಕದ ಮನೆಯ ಅಕ್ಕ, ಇವರನ್ನು ಮೊದಲು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂತ ಹೇಳಿಯೇ ಮಾಡಿ. ಮಲಯಾಳವೋ ಬ್ಯಾರಿಯೋ ತುಳುವೋ, ಅವರ ಮಾತಲ್ಲೇ ಹೇಳಲಿ, ಅನುವಾದ ಆಮೇಲೆ. 'ಮಾಸ್ಟ್ರು ಹೇಗಿದ್ದರು' ಅಂತ ಕೇಳಿದರೆ 'ಒಳ್ಳೆಯವರು' ಅನ್ನುತ್ತಾರೆ, ಮುಗೀತು. 'ಬೆಕ್ಕಿಗೆ ಏನು ಹಾಕುತ್ತಿದ್ದರು' ಅಂತ ಕೇಳಿ ನೋಡಿ.

ಹಾಂ, ಬೆಕ್ಕುಗಳು ಇನ್ನೂ ಅಲ್ಲೇ ಇರುತ್ತವೆ. ಬೇರೆ ಕಡೆ ಬಿಟ್ಟು ಬರಬೇಡಿ. ಅದೇ ಜಾಗ, ಅದೇ ಹೊತ್ತಿಗೆ ಊಟ ಹಾಕಲು ಯಾರನ್ನಾದರೂ ಒಪ್ಪಿಸಿ. ದನದ ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗುವುದಿಲ್ಲ. ನೀರು ಇಡಿ.

ಇನ್ನು ತಾರೀಕು. ನಮ್ಮ ಗಡಿನಾಡಿನಲ್ಲಿ ತಪ್ಪು ನುಸುಳುವುದು ಇಲ್ಲೇ. ಮಾಸ್ಟ್ರು ಹುಟ್ಟಿದ್ದು 1940ರ ದಶಕದಲ್ಲಿ. 'ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಜನಿಸಿದರು' ಅಂತ ಪತ್ರಿಕೆಯಲ್ಲಿ ಬಂತು. ಆಗ ಕೇರಳವೂ ಇರಲಿಲ್ಲ, ಆ ಜಿಲ್ಲೆಯೂ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನ ಅದು ಕೇರಳಕ್ಕೆ ಸೇರಿತು, ಜಿಲ್ಲೆಯಾಗಿದ್ದು 1984ರಲ್ಲಿ. ಇದು ಸಣ್ಣ ವಿಷಯ ಅಲ್ಲ, ಒಂದು ಮನೆಯಿಂದ ಕದಲದೆ ರಾಜ್ಯ ಬದಲಾದ ಮನುಷ್ಯ ಅವರು, ಅವರು ಬರೆದದ್ದೆಲ್ಲ ಆ ನೋವಿನ ಸುತ್ತಲೇ ಇದೆ. ಹಿರಿಯರು 'ದುರ್ಮುಖಿ ಸಂವತ್ಸರ' ಅಂದರೆ ಲೆಕ್ಕ ಹಾಕಿ: 1956–57. ಅರುವತ್ತು ವರ್ಷಕ್ಕೆ ಅದೇ ಹೆಸರು ಮತ್ತೆ ಬರುತ್ತದೆ ಅನ್ನುವುದು ನೆನಪಿರಲಿ. ತಾರೀಕಿಲ್ಲದ ಪತ್ರಿಕೆ ತುಂಡು ಸಿಕ್ಕಿದರೆ ಹಿಂಬದಿ ತಿರುಗಿಸಿ. ಸಿನಿಮಾ ಜಾಹೀರಾತೋ ಚುನಾವಣೆ ಸುದ್ದಿಯೋ ಇದ್ದರೆ ವರ್ಷ ಸಿಗುತ್ತದೆ.

ಅವರ ಬರಹ ಅಚ್ಚು ಹಾಕುವುದಾದರೆ ವಾರಸುದಾರರ ಒಪ್ಪಿಗೆ ಲಿಖಿತವಾಗಿ ಬೇಕು. ಲೇಖಕರು ತೀರಿಹೋದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಅಚ್ಚಾದ ಬರಹಗಳು ಎಲ್ಲರಿಗೂ ಮುಕ್ತವಾಗಿದ್ದು 2024ರ ಜನವರಿಯಲ್ಲಿ. ಮಾಸ್ಟ್ರಿಗೆ ಬೇರೆಯವರು ಬರೆದ ಪತ್ರದ ಹಕ್ಕು ಬರೆದವರದ್ದು, ಪತ್ರ ಮಾಸ್ಟ್ರ ಪೆಟ್ಟಿಗೆಯಲ್ಲಿ ಸಿಕ್ಕಿದರೂ ಸಹ.

ಬರೆಯಲು ಕೂತಾಗ 'ಸರಳ ಸಜ್ಜನ', 'ತುಂಬಲಾರದ ನಷ್ಟ' ಎಲ್ಲ ತೆಗೆದುಹಾಕಿ. ಅವರ ಒಂದು ದಿನವನ್ನು ಬರೆಯಿರಿ. ಎದ್ದದ್ದು ಎಷ್ಟು ಗಂಟೆಗೆ, ಯಾವ ಕುರ್ಚಿ, ಯಾವ ಪೆನ್ನು, ತೊಡೆಯ ಮೇಲೆ ಯಾವ ಬೆಕ್ಕು. ಬೆಕ್ಕು ಮಲಗಿದ್ದರೆ ಮಾಸ್ಟ್ರು ಏಳುತ್ತಿರಲಿಲ್ಲ, ಬಂದವರೇ ಒಳಗೆ ಹೋಗಿ ನೀರು ಕುಡಿಯಬೇಕಿತ್ತು. ಅವರ ಸಿಟ್ಟನ್ನೂ ಬರೆಯಿರಿ. ಕಾಗುಣಿತ ತಪ್ಪಿದರೆ ಅವರು ನಮ್ಮನ್ನು ಬಿಟ್ಟವರಲ್ಲ.

ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ, ಹೇಳಿದವರ ಎದುರು ಕೂತು ಗಟ್ಟಿಯಾಗಿ ಓದಿ. ನಾನು ಮೀನಿನವರಿಗೆ ಗೇಟಿನ ಹತ್ತಿರವೇ ನಿಂತು ಓದಿ ಹೇಳಿದೆ. ಬಟ್ಟಲು ಸ್ಟೀಲಿನದ್ದಲ್ಲ, ಮೊದಲ ಹತ್ತು ವರ್ಷ ತೆಂಗಿನ ಗೆರಟೆ ಇತ್ತು ಅಂತ ತಿದ್ದಿದರು.